ಬಟ್ಟೆಗೆ ಮೈಕ್ರೋಕ್ಯಾಪ್ಸೂಲ್ ಕೂರಿಸುವುದು: ಯಾವ ವಿಧಾನ ಯಾವ ಮಾಲಿಗೆ?

ಉಜ್ಜಿದರೆ ಘಮ್ಮೆನ್ನುವ ಟೀ ಶರ್ಟ್, ಸೊಳ್ಳೆ ಹತ್ತಿರ ಬಿಡದ ಪೈಜಾಮ, ಅಲೋವೆರಾ ಹಾಕಿದ ಬೆಡ್‌ಶೀಟ್, ಮೈಬಿಸಿ ಹೀರಿಕೊಳ್ಳುವ ಜಾಕೆಟ್. ಇವೆಲ್ಲದರ ಹಿಂದಿನ ತಂತ್ರ ಹೆಚ್ಚುಕಮ್ಮಿ ಒಂದೇ. ಎಣ್ಣೆಯನ್ನೋ ಮೇಣವನ್ನೋ ಸಣ್ಣ ಸಣ್ಣ ಹನಿಗಳಾಗಿ ಒಡೆಯಬೇಕು. ಪ್ರತಿ ಹನಿಯ ಸುತ್ತ ತೆಳು ಗೋಡೆ ಕಟ್ಟಬೇಕು. ಆಮೇಲೆ ಆ ಕ್ಯಾಪ್ಸೂಲು ಬಟ್ಟೆಯ ಮೇಲೆ ನಿಲ್ಲುವಂತೆ ಮಾಡಬೇಕು. ಮೊದಲ ಎರಡು ಕೆಲಸ ಕೆಮಿಕಲ್ ಕಂಪನಿಯದು. ಮೂರನೆಯದು ನಮ್ಮ ಪಾಲಿನದು. ದುಡ್ಡು ಸೋರಿ ಹೋಗುವುದೂ ಹೆಚ್ಚಾಗಿ ಅಲ್ಲೇ.

ಬೆಂಗಳೂರು, ಬಳ್ಳಾರಿ, ತಿರುಪ್ಪೂರು ಕಡೆ ಜಾಬ್ ವರ್ಕ್ ಕೊಟ್ಟು ಮಾಲು ಮಾಡಿಸುವ ಸಣ್ಣ ಬ್ರ್ಯಾಂಡ್‌ನವರು, ಪ್ರೊಸೆಸಿಂಗ್ ಯುನಿಟ್‌ಗೆ ಹೊಸದಾಗಿ ಸೇರಿದವರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕೆಮಿಕಲ್ ಮಾರುವವರು ಬಂದು "20 ವಾಷ್ ಗ್ಯಾರಂಟಿ ಸರ್" ಅಂದಾಗ ಏನು ಕೇಳಬೇಕು ಅನ್ನುವುದು ಗೊತ್ತಾದರೆ ಸಾಕು, ಅರ್ಧ ಕೆಲಸ ಮುಗಿಯಿತು.

ಮೊದಲು ಒಂದು ಲೆಕ್ಕ

ಫಿನಿಷ್, ಅಂದರೆ ಬಟ್ಟೆಗೆ ಕೊನೆಯಲ್ಲಿ ಕೊಡುವ ಈ ಸಂಸ್ಕರಣೆ, ಎರಡು ರೀತಿಯಲ್ಲಿ ಹೋಗುತ್ತದೆ. ಒಂದು, ಕ್ಯಾಪ್ಸೂಲ್ ಬಟ್ಟೆಯಿಂದ ಕಳಚಿ ನೀರಿನ ಪಾಲಾಗುವುದು. ಇನ್ನೊಂದು, ಕ್ಯಾಪ್ಸೂಲ್ ಅಲ್ಲೇ ಗಟ್ಟಿಯಾಗಿ ಕೂತಿರುತ್ತದೆ, ಆದರೆ ಒಳಗಿನದು ಖಾಲಿಯಾಗಿರುತ್ತದೆ. ಅಂಟು ಎಷ್ಟೇ ಬಲವಾಗಿದ್ದರೂ ಎರಡನೆಯದನ್ನು ತಡೆಯಲಾರದು. ಸುವಾಸನೆ, ಸೊಳ್ಳೆ ನಿವಾರಕ, ವಿಟಮಿನ್ ಇ ಇವೆಲ್ಲ ಖರ್ಚಾಗಲೆಂದೇ ಇರುವ ಸರಕು. ಖರ್ಚಾಗದೆ ಉಳಿದರೆ ಅವು ಕೆಲಸವನ್ನೇ ಮಾಡಿಲ್ಲ ಎಂದರ್ಥ. ಹಾಗಾಗಿ ಒಳಗಿನ ಸರಕು ಹತ್ತು ವಾಷ್‌ಗೆ ಮುಗಿಯುವುದಾದರೆ, ಐವತ್ತು ವಾಷ್ ತಾಳುವ ಬಂಧಕ್ಕೆ ದುಡ್ಡು ಸುರಿಯುವುದು ಮೂಗಿಗಿಂತ ಮೂಗುತಿ ಭಾರ ಆದ ಹಾಗೆ. ಬಂಧ ಒಳಗಿನ ಸರಕಿಗಿಂತ ಸ್ವಲ್ಪ ಜಾಸ್ತಿ ಬಾಳಿದರೆ ಸಾಕು.

ಸರಕು ಎಷ್ಟಿರುತ್ತದೆ? ಕಾಟನ್ ನಿಟ್ ಮಾಲು ತಗೊಳ್ಳಿ. ಲೀಟರಿಗೆ 50 ಗ್ರಾಂ ಕ್ಯಾಪ್ಸೂಲ್ ಸ್ಲರಿ (ನೀರಲ್ಲಿ ಕಲಸಿದ ಕ್ಯಾಪ್ಸೂಲ್) ಹಾಕಿದ್ದೀರಿ. ಸ್ಲರಿಯಲ್ಲಿ ಘನ ಭಾಗ 40%. ಅಂದರೆ ಲೀಟರಿಗೆ 20 ಗ್ರಾಂ ಕ್ಯಾಪ್ಸೂಲ್. ಬಟ್ಟೆಯನ್ನು ದ್ರಾವಣದಲ್ಲಿ ಅದ್ದಿ ಹಿಂಡುವ ಪ್ಯಾಡರ್‌ನಲ್ಲಿ ಪಿಕಪ್ (ಬಟ್ಟೆ ತನ್ನ ತೂಕದ ಎಷ್ಟು ಪಾಲು ದ್ರಾವಣ ಹೀರಿತು ಅನ್ನುವುದು) 80% ಬಂದರೆ ಕಿಲೋ ಬಟ್ಟೆಗೆ 16 ಗ್ರಾಂ ಸೇರುತ್ತದೆ. ಅದರಲ್ಲಿ 70% ಎಣ್ಣೆ ಎಂದಿಟ್ಟುಕೊಂಡರೆ ಸುಮಾರು 11 ಗ್ರಾಂ. 150 ಗ್ರಾಂ ತೂಗುವ ಟೀ ಶರ್ಟಿಗೆ ಬರುವುದು ಒಂದೂಮುಕ್ಕಾಲು ಗ್ರಾಂ ಎಣ್ಣೆಯೂ ಅಲ್ಲ. ಅದೂ ಯಾವ ಕ್ಯಾಪ್ಸೂಲೂ ಒಡೆಯದೆ, ಎಲ್ಲವೂ ನಿಂತರೆ. ಈ ಲೆಕ್ಕವನ್ನು ನಿಮ್ಮ ಮಾಲಿಗೆ ಹಾಕಿ ನೋಡದೆ ಯಾವ ವಿಧಾನವನ್ನೂ ಆರಿಸಬೇಡಿ.

ಇನ್ನೊಂದು ಮಾತು. ಈ ಕ್ಯಾಪ್ಸೂಲ್ ತಂತ್ರವನ್ನು 1950ರ ದಶಕದಲ್ಲಿ ಅಮೆರಿಕದ ಎನ್‌ಸಿಆರ್ ಕಂಪನಿ ಬೆಳೆಸಿದ್ದು ಕಾರ್ಬನ್ ಇಲ್ಲದೆ ಕಾಪಿ ತೆಗೆಯುವ ಕಾಗದಕ್ಕಾಗಿ. ಪೆನ್ನಿನ ಒತ್ತಡಕ್ಕೆ ಕ್ಯಾಪ್ಸೂಲ್ ಒಡೆದು ಬಣ್ಣ ಮೂಡಬೇಕು, ಅದೇ ಅದರ ಕೆಲಸ. ಒಡೆಯುವುದು ಇದರ ಹುಟ್ಟುಗುಣ. ಬಟ್ಟೆಗೆ ಬಂದ ಮೇಲೆ ಪ್ಯಾಡರ್, ಕಾಂಪ್ಯಾಕ್ಟರ್ (ನಿಟ್ ಬಟ್ಟೆಯನ್ನು ಬಿಸಿಯಲ್ಲಿ ಒತ್ತಿ ಕುಗ್ಗಿಸುವ ಯಂತ್ರ), ಸೂಜಿ, ಇಸ್ತ್ರಿ ಪೆಟ್ಟಿಗೆ, ಎಲ್ಲವೂ ಇದಕ್ಕೆ ಪೆನ್ನೇ.

ಪ್ಯಾಡಿಂಗ್ ಮತ್ತು ಬೈಂಡರ್

ಹೆಚ್ಚಿನವರು ಬರುವುದು ಇಲ್ಲಿಗೆ. ಬಟ್ಟೆಯನ್ನು ಕ್ಯಾಪ್ಸೂಲ್ ಮತ್ತು ಬೈಂಡರ್ (ಅಂಟು) ಬೆರೆಸಿದ ದ್ರಾವಣದಲ್ಲಿ ಅದ್ದಿ, ಎರಡು ರೋಲರ್ ನಡುವೆ ಹಿಂಡಿ, ಬಿಸಿ ಗಾಳಿಯ ಸ್ಟೆಂಟರ್‌ನಲ್ಲಿ ಒಣಗಿಸಿ, ಕ್ಯೂರ್ ಮಾಡುವುದು, ಅಂದರೆ ಶಾಖ ಕೊಟ್ಟು ಅಂಟನ್ನು ಗಟ್ಟಿ ಮಾಡುವುದು. ಹೊಸ ಯಂತ್ರ ಏನೂ ಬೇಡ. ಕಾಟನ್, ಪಾಲಿಯೆಸ್ಟರ್, ಮಿಕ್ಸ್, ಯಾವುದಕ್ಕಾದರೂ ನಡೆಯುತ್ತದೆ.

ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರದಲ್ಲಿ ಈ ಬಟ್ಟೆಯನ್ನು ನೋಡಿದರೆ ನಾರಿನ ಮೇಲೆ ಬೈಂಡರ್ ಪದರ ಹರಡಿರುತ್ತದೆ, ಅದರಲ್ಲಿ ಕ್ಯಾಪ್ಸೂಲ್‌ಗಳು ಕೆಸರಲ್ಲಿ ಅರ್ಧ ಹೂತ ಗೋಲಿಗಳ ಹಾಗೆ ಕಾಣುತ್ತವೆ. ಅಳತೆಯಲ್ಲಿ ಕಾಟನ್ ನಾರಿನ ಅಗಲ 12ರಿಂದ 20 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). ಕ್ಯಾಪ್ಸೂಲ್ 20 ಮೈಕ್ರಾನ್ ಇದ್ದರೆ ಅದು ನಾರಿನಷ್ಟೇ ದಪ್ಪ, ನಿಲ್ಲುವುದಾದರೂ ಎಲ್ಲಿ? ಹೊರಗೆ ಚಾಚಿಕೊಂಡು ಮೊದಲ ಉಜ್ಜಿಗೇ ಉದುರುತ್ತದೆ. 2ರಿಂದ 8 ಮೈಕ್ರಾನ್ ಇದ್ದರೆ ನಾರುಗಳ ಸಂದಿಯಲ್ಲಿ ಕೂರುತ್ತದೆ. ಹಾಗಂತ ತೀರಾ ಸಣ್ಣದಾದರೆ ಎಣ್ಣೆ ಕಡಿಮೆ, ಗೋಡೆ ಜಾಸ್ತಿ. ಸರಾಸರಿ ಗಾತ್ರ ಹೇಳಿದರೆ ಒಪ್ಪಿಕೊಂಡುಬಿಡಬೇಡಿ. ಅತಿ ದೊಡ್ಡದು ಎಷ್ಟು ಅಂತ ಕೇಳಿ.

ಬೈಂಡರ್‌ನಲ್ಲಿ ಮೂರು ಜಾತಿ. ಅಕ್ರಿಲಿಕ್ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಬಂಧವೂ ಚೆನ್ನ. ಆದರೆ ಬಟ್ಟೆ ಸ್ವಲ್ಪ ಬಿರುಸಾಗುತ್ತದೆ, ಮತ್ತು ಸಾಮಾನ್ಯವಾಗಿ 140-150 ಡಿಗ್ರಿ ಕ್ಯೂರಿಂಗ್ ಕೇಳುತ್ತದೆ. ಪಾಲಿಯುರೆಥೇನ್ ಬೈಂಡರ್‌ಗೆ ದುಡ್ಡು ಜಾಸ್ತಿ, ಆದರೆ ಮೆತ್ತಗಿರುತ್ತದೆ, ಎಳೆದಾಗ ಬಟ್ಟೆಯ ಜೊತೆಗೇ ಹಿಗ್ಗುತ್ತದೆ. ಲೈಕ್ರಾ ಮಾಲಿಗೆ, ಪಾಲಿಯೆಸ್ಟರ್ ಜೆರ್ಸಿಗೆ ನನ್ನ ಓಟು ಇದಕ್ಕೇ. ಸಿಲಿಕೋನ್ ಮುಟ್ಟಲು ಸೊಗಸು, ಗ್ರಾಹಕರಿಗೂ ಇಷ್ಟವಾಗುತ್ತದೆ. ಬಂಧದ ಬಲದಲ್ಲಿ ಮಾತ್ರ ಮೊದಲ ಎರಡರ ಹಿಂದೆ.

ಬೈಂಡರ್ ಜಾಸ್ತಿ ಹಾಕಿದಷ್ಟೂ ಬಾಳಿಕೆ ಜಾಸ್ತಿ ಅನ್ನುವುದು ಅರ್ಧ ಸತ್ಯ. ಒಂದು ಹಂತದ ನಂತರ ಪದರ ಕ್ಯಾಪ್ಸೂಲನ್ನು ಪೂರ್ತಿ ಮುಚ್ಚಿಬಿಡುತ್ತದೆ. ವಾಷ್‌ಗೆ ಹೋಗುವುದಿಲ್ಲ ನಿಜ, ಉಜ್ಜಿದರೂ ವಾಸನೆ ಬರುವುದಿಲ್ಲ. ಬಟ್ಟೆ ರಟ್ಟಿನಂತಾಗುತ್ತದೆ. ಕಪ್ಪು, ನೇವಿ ಬಣ್ಣದ ಮಾಲಿನ ಮೇಲೆ ಉಗುರಿನಿಂದ ಗೀಚಿದರೆ ಬಿಳಿ ಗೆರೆ ಮೂಡುತ್ತದೆ. ಗಾಢ ಬಣ್ಣಕ್ಕೆ ಈ ಫಿನಿಷ್ ಕೊಡುವ ಮುನ್ನ ಶೇಡ್ ಮಂಕಾಗುತ್ತದೋ ಅಂತ ಒಂದು ಮೀಟರ್ ಓಡಿಸಿ ನೋಡಲೇಬೇಕು.

ಬಹಳ ಜನ ಗಮನಿಸದ ಜಾಗ ಶಾಖ. ನಿಂಬೆ ಎಣ್ಣೆಯ ಮುಖ್ಯ ಅಂಶ ಲಿಮೊನೀನ್ 176 ಡಿಗ್ರಿಗೆ ಕುದಿಯುತ್ತದೆ. 150 ಡಿಗ್ರಿಯ ಸ್ಟೆಂಟರ್‌ನಲ್ಲಿ ಅದು ಕುದಿಯದಿದ್ದರೂ ಒಳಗೆ ಆವಿಯ ಒತ್ತಡ ಏರಿ ಗೋಡೆ ಬಿರಿಯುತ್ತದೆ. ಆ ದಿನ ಯುನಿಟ್ ತುಂಬಾ ಘಮಘಮ ಅಂತಿದ್ದರೆ ಖುಷಿಪಡಬೇಡಿ. ನಿಮ್ಮ ದುಡ್ಡು ಚಿಮಣಿಯಲ್ಲಿ ಹೋಗುತ್ತಿದೆ. ಆವಿಯಾಗುವ ಎಣ್ಣೆಗೆ 110-120 ಡಿಗ್ರಿಗೇ ಕ್ಯೂರ್ ಆಗುವ ಬೈಂಡರ್ ಹುಡುಕಿ. ಅಲೋವೆರಾ, ವಿಟಮಿನ್ ಇ ತರಹದ ಆವಿಯಾಗದ ಸರಕಿಗೆ ಈ ಚಿಂತೆ ಕಡಿಮೆ.

ಕೆಲಸದ ಜಾಗದ ಕೆಲವು ಮಾತು. ಒಳಗಿರುವುದು ಎಣ್ಣೆ, ನೀರಿಗಿಂತ ಹಗುರ. ಟ್ಯಾಂಕ್ ಸುಮ್ನೆ ಬಿಟ್ಟರೆ ಕ್ಯಾಪ್ಸೂಲ್ ಮೇಲೆ ಕೆನೆ ಕಟ್ಟುತ್ತದೆ. ಮೊದಲ ನೂರು ಮೀಟರ್‌ಗೆ ಒಂದು ಡೋಸ್, ಕೊನೆಯ ನೂರಕ್ಕೆ ಇನ್ನೊಂದು. ನಿಧಾನವಾಗಿ ತಿರುಗುವ ಸ್ಟಿರರ್ ಬೇಕು. ಹೈಸ್ಪೀಡ್ ಮಿಕ್ಸರ್ ಹಾಕಿದರೆ ಕ್ಯಾಪ್ಸೂಲ್ ಅಲ್ಲೇ ಒಡೆಯುತ್ತದೆ. ಕ್ಯಾಟಯಾನಿಕ್ (ಧನ ವಿದ್ಯುದಂಶದ) ಸಾಫ್ಟ್ನರ್ ಅನ್ನು ಆನಯಾನಿಕ್ (ಋಣ ವಿದ್ಯುದಂಶದ) ಬೈಂಡರ್ ಜೊತೆ ಒಂದೇ ಟ್ಯಾಂಕಿಗೆ ಸುರಿದರೆ ಮೊಸರು ಒಡೆದಂತಾಗಿ ರೋಲರ್‌ಗೆ ಮೆತ್ತಿಕೊಳ್ಳುತ್ತದೆ. ಎಲ್ಲವನ್ನೂ ಮೊದಲು ಒಂದು ಗಾಜಿನ ಲೋಟದಲ್ಲಿ ಬೆರೆಸಿ ಎರಡು ಗಂಟೆ ಬಿಟ್ಟು ನೋಡುವುದಕ್ಕೆ ಖರ್ಚೇನೂ ಇಲ್ಲ, ಅಲ್ವಾ? ಇನ್ನು ನಿಟ್ ಮಾಲಿಗೆ ಸ್ಟೆಂಟರ್ ಆದ ಮೇಲೆ ಕಾಂಪ್ಯಾಕ್ಟರ್ ಇದ್ದೇ ಇರುತ್ತದೆ. ಬಿಸಿ ಮತ್ತು ಒತ್ತಡ ಎರಡೂ ಒಟ್ಟಿಗೆ ಬೀಳುವ ಜಾಗ ಅದು. ಕಾಂಪ್ಯಾಕ್ಟರ್‌ಗೆ ಮುಂಚಿನ ತುಂಡು, ನಂತರದ ತುಂಡು ಎರಡನ್ನೂ ಇಟ್ಟುಕೊಂಡು ಹೋಲಿಸಿ. ವ್ಯತ್ಯಾಸ ಅಲ್ಲೇ ಮೂಗಿಗೆ ಬಡಿಯುತ್ತದೆ.

ಹೊಲಿದ ಮೇಲೆ ಹಾಕುವುದು

ಸಾಕ್ಸ್, ಟವೆಲ್, ಜೀನ್ಸ್, ಒಳಉಡುಪು ಇಂಥವುಗಳನ್ನು ಸ್ಟೆಂಟರ್‌ಗೆ ಹಾಕಲಾಗದು. ಇಲ್ಲಿ ಎಗ್ಸಾಸ್ಟ್ ವಿಧಾನ, ಅಂದರೆ ನೀರಲ್ಲಿರುವ ಕ್ಯಾಪ್ಸೂಲನ್ನು ಬಟ್ಟೆಯೇ ಎಳೆದುಕೊಳ್ಳುವುದು. ನೀರಲ್ಲಿ ಕಾಟನ್‌ಗೆ ಋಣ ವಿದ್ಯುದಂಶ ಇರುತ್ತದೆ. ಧನ ಅಂಶದ ಕ್ಯಾಪ್ಸೂಲ್ ತಂದರೆ 40 ಡಿಗ್ರಿ ಆಸುಪಾಸಿನ ನೀರಲ್ಲಿ ತಾನಾಗಿಯೇ ಬಟ್ಟೆಗೆ ಹೋಗಿ ಅಂಟುತ್ತದೆ. ಕ್ಯಾಪ್ಸೂಲ್ ಮಾಮೂಲಿ ಋಣ ಅಂಶದ್ದಾದರೆ, ಮೊದಲು ಕಾಟನ್ ಅನ್ನೇ ಕ್ಯಾಟಯಾನಿಕ್ ಮಾಡಿಕೊಳ್ಳಬೇಕು. ಒಂದು ಹೆಜ್ಜೆ ಜಾಸ್ತಿ, ಬಣ್ಣ ಸ್ವಲ್ಪ ಸರಿಯುವ ಅಪಾಯವೂ ಉಂಟು.

ಇದರ ಲಾಭ ಎಂದರೆ ಸೂಜಿಯ ಪೆಟ್ಟು, ಪ್ಯಾಡರ್ ಒತ್ತಡ ಎರಡೂ ಇಲ್ಲ. ಬಳ್ಳಾರಿಯ ವಾಷಿಂಗ್ ಯುನಿಟ್‌ಗಳಲ್ಲಿರುವ ಡ್ರಮ್, ನೀರು ಹಿಂಡುವ ಹೈಡ್ರೋ, ಒಣಗಿಸುವ ಟಂಬ್ಲರ್ ಇವೇ ಸಾಕು. ದೌರ್ಬಲ್ಯ ಬಂಧದಲ್ಲಿದೆ. ಬರೀ ವಿದ್ಯುದಂಶದ ಸೆಳೆತ ಮನೆಯ ಸೋಪಿನ ಪುಡಿಯ ಮುಂದೆ ಜಾಸ್ತಿ ದಿನ ನಿಲ್ಲದು, ಯಾಕೆಂದರೆ ಆ ಪುಡಿಯೇ ಆನಯಾನಿಕ್. ಅದಕ್ಕೇ ಕೊನೆಯ ನೀರಿಗೆ ಸ್ವಲ್ಪ ಪಾಲಿಯುರೆಥೇನ್ ಬೈಂಡರ್ ಸೇರಿಸುತ್ತಾರೆ. ಇಲ್ಲೂ ಒಂದು ಮೋಸವಿದೆ: ಟಂಬ್ಲರ್ 70-80 ಡಿಗ್ರಿ ಕೊಡುತ್ತದೆ, ಬೈಂಡರ್ 140 ಕೇಳುತ್ತದೆ. ಬೈಂಡರ್ ಹಾಕಿದ್ದೇವೆ ಅಂತ ಬಿಲ್ಲಿನಲ್ಲಿರುತ್ತದೆ, ಅದು ಕ್ಯೂರ್ ಆಗಿರುವುದೇ ಇಲ್ಲ. ಡೆನಿಮ್ ಯುನಿಟ್‌ನಲ್ಲಿ ರೆಸಿನ್ ಕ್ಯೂರ್ ಮಾಡುವ ಓವನ್ ಇದ್ದರೆ ಅದನ್ನು ಬಳಸಿ, ಇಲ್ಲದಿದ್ದರೆ ಕಡಿಮೆ ಶಾಖದ ಬೈಂಡರ್ ಕೊಳ್ಳಿ.

ಹಗುರ ಸ್ಪ್ರೇ ಕೂಡ ಇದೇ ಗುಂಪು. ಅಂಗಡಿಯಲ್ಲಿ ಬಟ್ಟೆ ಘಮಘಮಿಸಿದರೆ ಸಾಕು, ಮೂರು ವಾಷ್ ಆಮೇಲೆ ಏನಾದರೂ ಆಗಲಿ ಅನ್ನುವವರಿಗೆ ಅದೇ ಸಾಕು.

ನಿಜವಾದ ರಾಸಾಯನಿಕ ಬಂಧ

"ಕೋವೇಲೆಂಟ್ ಬಾಂಡಿಂಗ್" ಎಂದು ಬ್ರೋಷರ್‌ನಲ್ಲಿ ಕಂಡರೆ ಒಂದೇ ಪ್ರಶ್ನೆ ಕೇಳಿ: ಯಾವುದು ಯಾವುದರ ಜೊತೆ ಸೇರುತ್ತದೆ?

ಕಾಟನ್‌ನ ಕಡೆ ಹೈಡ್ರಾಕ್ಸಿಲ್ ಗುಂಪುಗಳಿವೆ, ಬೇರೆ ಅಣು ಬಂದು ಹಿಡಿಯಬಹುದಾದ ಕೊಂಡಿಗಳ ಹಾಗೆ. ಬಿಟಿಸಿಎ ಎನ್ನುವ ನಾಲ್ಕು ಕೈಯ ಆಮ್ಲ, ಸೋಡಿಯಂ ಹೈಪೋಫಾಸ್ಫೈಟ್ ವೇಗವರ್ಧಕದ ಜೊತೆ 160ರಿಂದ 180 ಡಿಗ್ರಿಯಲ್ಲಿ ಆ ಹೈಡ್ರಾಕ್ಸಿಲ್ ಜೊತೆ ಎಸ್ಟರ್ ಬಂಧ ಕಟ್ಟುತ್ತದೆ. ಉಳಿದ ಕೈಗಳು ಕ್ಯಾಪ್ಸೂಲ್ ಗೋಡೆಯನ್ನು ಹಿಡಿಯಬೇಕು. ಗೋಡೆ ಕೈಟೋಸಾನ್‌ದೋ (ಸೀಗಡಿ ಚಿಪ್ಪಿನಿಂದ ತೆಗೆಯುವ ವಸ್ತು) ಜೆಲಟಿನ್‌ದೋ ಆಗಿದ್ದರೆ ಹಿಡಿಯಲು ಜಾಗ ಇರುತ್ತದೆ. ಅಂಥ ಗುಂಪುಗಳೇ ಇಲ್ಲದ ಗೋಡೆಯಾದರೆ ಆಮ್ಲ ಬಟ್ಟೆಯನ್ನಷ್ಟೇ ಹಿಡಿದು ಕೂರುತ್ತದೆ. ಪಾಲಿಯೆಸ್ಟರ್‌ಗಂತೂ ಈ ಮಾತೇ ಇಲ್ಲ.

ಬೈಂಡರ್ ಪದರವಿಲ್ಲದ ಕಾರಣ ಬಟ್ಟೆ ಮೆತ್ತಗೇ ಉಳಿಯುತ್ತದೆ, ಗಾಳಿ ಆಡುತ್ತದೆ. ಬೆಲೆ ತೆರುವುದು ಬೇರೆ ಕಡೆ. ಆಮ್ಲ ಮತ್ತು ಶಾಖ ಸೇರಿ ಕಾಟನ್‌ನ ಬಲ ಕಡಿಮೆಯಾಗುತ್ತದೆ, ಬೇಗ ಹರಿಯುತ್ತದೆ. ಬಿಟಿಸಿಎ ದುಬಾರಿ ಅಂತ ಅಗ್ಗದ ಸಿಟ್ರಿಕ್ ಆಮ್ಲಕ್ಕೆ ಹೋದರೆ ಬಿಳಿ ಬಟ್ಟೆ ಹಳದಿಯಾಗುತ್ತದೆ. 170 ಡಿಗ್ರಿಯಲ್ಲಿ ಯಾವ ಸುಗಂಧ ಎಣ್ಣೆ ಉಳಿಯುತ್ತದೆ ಅನ್ನುವ ಪ್ರಶ್ನೆ ಹೇಗೂ ಇದ್ದೇ ಇದೆ. ಪ್ರಯೋಗಾಲಯದ ಪ್ರಬಂಧಗಳಲ್ಲಿ ಚೆಂದ ಕಾಣುವ ವಿಧಾನ ಇದು. ದಿನಕ್ಕೆ ಟನ್‌ಗಟ್ಟಲೆ ಓಡಿಸುವ ಯುನಿಟ್‌ಗೆ ನಾನು ಸುಲಭವಾಗಿ ಹೇಳುವುದಿಲ್ಲ.

ಇದೇ ಮನೆತನದ ಇನ್ನೊಂದು ದಾರಿ ಮಾತ್ರ ನನಗೆ ಇಷ್ಟ. ಬೀಟಾ ಸೈಕ್ಲೋಡೆಕ್ಸ್‌ಟ್ರಿನ್. ಇದು ಕ್ಯಾಪ್ಸೂಲ್ ಅಲ್ಲ, ಏಳು ಗ್ಲೂಕೋಸ್ ಸೇರಿ ಆದ ಒಂದು ಉಂಗುರದ ಅಣು, ಒಳಗೆ ಟೊಳ್ಳು. ರಿಯಾಕ್ಟಿವ್ ಡೈಗಳಲ್ಲಿರುವ ಮೊನೊಕ್ಲೋರೊಟ್ರಯಾಜಿನ್ ಕೊಂಡಿಯನ್ನೇ ಇದಕ್ಕೂ ಹಾಕಿದ್ದಾರೆ. ಹಾಗಾಗಿ ಬಣ್ಣ ಕಾಟನ್‌ಗೆ ಕೂರುವಂತೆಯೇ ಇದೂ ಸೋಡಾ ಜೊತೆ ಶಾಖದಲ್ಲಿ ಕೂರುತ್ತದೆ. ಶಾಖಕ್ಕೆ ಹೆದರಬೇಕಿಲ್ಲ, ಆಗ ಉಂಗುರ ಖಾಲಿ ಇರುತ್ತದೆ. ಸುವಾಸನೆಯನ್ನು ಆಮೇಲೆ ತುಂಬಿದರಾಯಿತು. ಮುಗಿದಾಗ ಮತ್ತೆ ತುಂಬಬಹುದು. ಬೆವರಿನ ವಾಸನೆಯನ್ನೂ ಅದೇ ಟೊಳ್ಳು ಹಿಡಿದಿಟ್ಟುಕೊಂಡು ವಾಷ್‌ನಲ್ಲಿ ಬಿಡುತ್ತದೆ. ಕೊರತೆ ಏನೆಂದರೆ ಟೊಳ್ಳು ತೀರಾ ಚಿಕ್ಕದು, ಹಿಡಿಯುವ ಸರಕು ಕ್ಯಾಪ್ಸೂಲಿಗೆ ಹೋಲಿಸಿದರೆ ತುಂಬ ಕಡಿಮೆ. ಹೋಟೆಲ್‌ನ ಬೆಡ್‌ಶೀಟ್ ತರಹ, ಒಂದೇ ಲಾಂಡ್ರಿಗೆ ಮತ್ತೆ ಮತ್ತೆ ಬರುವ ಮಾಲಿಗೆ ಇದು ಹೇಳಿ ಮಾಡಿಸಿದ್ದು.

ಪ್ರಿಂಟ್ ಮಾಡಿಬಿಡಿ

ಸಣ್ಣ ಬ್ರ್ಯಾಂಡ್‌ನವರಿಗೆ ನನ್ನ ಮೊದಲ ಸಲಹೆ ಯಾವತ್ತೂ ಇದೇ. ಪಿಗ್ಮೆಂಟ್ ಪ್ರಿಂಟ್ ಪೇಸ್ಟ್‌ನಲ್ಲಿ ಬೈಂಡರ್ ಹೇಗೂ ಇದೆ. ಅದಕ್ಕೇ ಕ್ಯಾಪ್ಸೂಲ್ ಬೆರೆಸಿ, ಬೇಕಾದ ಕಡೆ ಮಾತ್ರ ಹಾಕುವುದು. ಕುತ್ತಿಗೆಯ ಒಳಭಾಗ, ಕಂಕುಳು, ದಿಂಬಿನ ಒಂದು ಮೂಲೆ. ಇಡೀ ಬಟ್ಟೆಗೆ ಹರಡಿದ ಒಂದೂವರೆ ಗ್ರಾಂ ಎಣ್ಣೆಗಿಂತ ಅಂಗೈಯಗಲಕ್ಕೆ ಹಾಕಿದ ಅರ್ಧ ಗ್ರಾಂ ಜಾಸ್ತಿ ಕೆಲಸ ಮಾಡುತ್ತದೆ. ನೂರು ಪೀಸ್‌ಗೂ ಮಾಡಿಕೊಡುತ್ತಾರೆ. ಪೇಸ್ಟ್ ಎಳೆಯುವ ಸ್ಕ್ವೀಜಿಯ ಒತ್ತಡ ಹಗುರವಾಗಿರಲಿ, ಡ್ರೈಯರ್ ಶಾಖ ಎಷ್ಟಿದೆ ಕೇಳಿಕೊಳ್ಳಿ, ಅಷ್ಟೇ.

ತಾಪ ಹಿಡಿಯುವ ಮೇಣದ ಕಥೆಯೇ ಬೇರೆ

ಪಿಸಿಎಂ (ಫೇಸ್ ಚೇಂಜ್ ಮೆಟೀರಿಯಲ್) ಎನ್ನುವ ಮೇಣದ ಕ್ಯಾಪ್ಸೂಲ್‌ಗೆ ಇಲ್ಲಿಯವರೆಗಿನ ತರ್ಕ ತಲೆಕೆಳಗಾಗುತ್ತದೆ. ಇಲ್ಲಿ ಸರಕು ಖರ್ಚಾಗಬಾರದು. ಆಕ್ಟಾಡೆಕೇನ್ ಎಂಬ ಮೇಣ 28 ಡಿಗ್ರಿಗೆ ಕರಗುತ್ತಾ ಶಾಖ ಹೀರುತ್ತದೆ, ತಣಿದಾಗ ಗಟ್ಟಿಯಾಗಿ ಬಿಟ್ಟುಕೊಡುತ್ತದೆ. ಬಟ್ಟೆ ಹರಿಯುವವರೆಗೂ ಇದು ನಡೆಯಬೇಕು. ಗೋಡೆ ಒಡೆಯಲೇಬಾರದು, ಬಂಧ ಬಿಡಲೇಬಾರದು.

ಪ್ರಮಾಣವೂ ಬೇರೆ. 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ಬಟ್ಟೆಗೆ ಮೇಲಿನ ಪ್ಯಾಡಿಂಗ್ ಲೆಕ್ಕ ಹಾಕಿ. ಚದರ ಮೀಟರಿಗೆ ಸುಮಾರು 3 ಗ್ರಾಂ ಕ್ಯಾಪ್ಸೂಲ್. ಗ್ರಾಂ ಕ್ಯಾಪ್ಸೂಲ್ ಹೀರುವ ಶಾಖ 190 ಜೂಲ್ ಎಂದರೆ ಒಟ್ಟು 600 ಜೂಲ್. ಸುಮ್ಮನೆ ಕೂತ ಮನುಷ್ಯನ ಮೈ ಚದರ ಮೀಟರಿಗೆ ಸೆಕೆಂಡಿಗೆ 58 ಜೂಲ್ ಬಿಡುತ್ತದೆ. ಅಂದರೆ ನಿಮ್ಮ "ಕೂಲಿಂಗ್ ಫಿನಿಷ್" ಕೆಲಸ ಮಾಡುವುದು ಹತ್ತು ಸೆಕೆಂಡ್! 20% ತೂಕ ಸೇರಿಸಿದರೂ ಎರಡು ನಿಮಿಷದ ಆಸುಪಾಸು. ಹಾಗಾಗಿ ಪಿಸಿಎಂಗೆ ಪ್ಯಾಡಿಂಗ್ ಬೇಡವೇ ಬೇಡ. ದಪ್ಪ ಕೋಟಿಂಗ್ ಅಥವಾ ಫೋಮ್ ಮಾಡಿ ಲೈನಿಂಗ್‌ಗೆ ಹಾಕಿ, ಇಲ್ಲವೇ ನಾರಿನೊಳಗೇ ಇರುವುದನ್ನು ಕೊಳ್ಳಿ.

ನಾರಿನೊಳಗೆ ಹಾಕುವ ಕೆಲಸಕ್ಕೆ ಹೆಸರಾದದ್ದು ಅಮೆರಿಕದಲ್ಲಿ ಶುರುವಾದ ಔಟ್‌ಲಾಸ್ಟ್ ಕಂಪನಿ. ನಾಸಾ ದುಡ್ಡು ಹಾಕಿದ 1980ರ ದಶಕದ ಸಂಶೋಧನೆಯಿಂದ ಬಂದದ್ದು. ಅಕ್ರಿಲಿಕ್ ಮತ್ತು ವಿಸ್ಕೋಸ್ ನಾರು ದ್ರಾವಣದಿಂದ ಎಳೆಯುವಂಥವು, ಶಾಖ ಕಡಿಮೆ, ಕ್ಯಾಪ್ಸೂಲ್ ಬದುಕುತ್ತದೆ. ಮಾಮೂಲಿ ಪಾಲಿಯೆಸ್ಟರ್ ಅನ್ನು 280 ಡಿಗ್ರಿ ಹೊತ್ತಿಗೆ ಕರಗಿಸಿ ಎಳೆಯುತ್ತಾರೆ, ಅಲ್ಲಿ ಕ್ಯಾಪ್ಸೂಲ್ ಉಳಿಯುವುದು ಕಷ್ಟ. ಇದು ನೂಲು ಕೊಳ್ಳುವ ನಿರ್ಧಾರ, ಫಿನಿಷಿಂಗ್ ನಿರ್ಧಾರ ಅಲ್ಲ.

ಸೊಳ್ಳೆ, ಮಕ್ಕಳು, ಫಾರ್ಮಾಲ್ಡಿಹೈಡ್

ಸೊಳ್ಳೆ ವಿಷಯದಲ್ಲಿ ಸೊಳ್ಳೆಪರದೆಗಳಿಂದ ಕಲಿಯುವುದಿದೆ. ಒಲಿಸೆಟ್ ಪರದೆಯಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ನೂಲಿನೊಳಗೇ ಇದ್ದು ನಿಧಾನ ಹೊರಬರುತ್ತದೆ. ಪರ್ಮಾನೆಟ್ 2.0 ಪರದೆಯಲ್ಲಿ ಡೆಲ್ಟಾಮೆಥ್ರಿನ್ ಎಂಬ ಇನ್ನೊಂದು ಕೀಟನಾಶಕ ಮೇಲ್ಮೈಗೆ ಅಂಟಿರುತ್ತದೆ. ದೀರ್ಘಬಾಳಿಕೆಯ ಪರದೆಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಅಳತೆ 20 ವಾಷ್. ನಿಮ್ಮ ಸಪ್ಲೈಯರ್ ಹೇಳುವ "20 ವಾಷ್" ಈ ಅಳತೆಯ ನೆರಳೇ ಇರಬಹುದು. ಆದರೆ ಪರದೆಯನ್ನು ವರ್ಷಕ್ಕೆ ಕೆಲವೇ ಸಲ ಮೆಲ್ಲಗೆ ಒಗೆಯುತ್ತಾರೆ, ಪೈಜಾಮ ವಾರಕ್ಕೆರಡು ಸಲ ಮಷೀನಿಗೆ ಬೀಳುತ್ತದೆ. ಪರ್ಮೆಥ್ರಿನ್‌ನಂಥ ಕೀಟನಾಶಕ 1968ರ ಕೀಟನಾಶಕ ಕಾಯ್ದೆಯ ಕೆಳಗೆ ಬರುತ್ತದೆ ಅನ್ನುವುದೂ ನೆನಪಿರಲಿ.

ಮಕ್ಕಳ ಬಟ್ಟೆಗೆ ಓಕೋಟೆಕ್ಸ್ ಸ್ಟ್ಯಾಂಡರ್ಡ್ 100 (ಬಟ್ಟೆಯಲ್ಲಿ ಹಾನಿಕರ ರಾಸಾಯನಿಕ ಇದೆಯೇ ಎಂದು ನೋಡುವ ಸರ್ಟಿಫಿಕೇಟ್) ಬೇಕು ಎಂದು ಬಯರ್ ಕೇಳಿದರೆ, ಶಿಶುಗಳ ಮಾಲಿಗೆ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ರಾಸಾಯನಿಕ ಪತ್ತೆಯಾಗಲೇಬಾರದು. ಮೈಗೆ ತಾಗುವ ದೊಡ್ಡವರ ಬಟ್ಟೆಗೆ ಕಿಲೋಗೆ 75 ಮಿಲಿಗ್ರಾಂ ಮಿತಿ. ಗಟ್ಟಿ, ಸೋರದ ಕ್ಯಾಪ್ಸೂಲ್ ಎಂದರೆ ಹೆಚ್ಚಾಗಿ ಮೆಲಮೈನ್ ಫಾರ್ಮಾಲ್ಡಿಹೈಡ್ ಗೋಡೆಯದ್ದೇ. ಅದನ್ನು ಬಿಟ್ಟು ಪಾಲಿಯೂರಿಯಾ ಗೋಡೆಗೆ ಹೋದರೂ ಮುಗಿಯಲಿಲ್ಲ: ತಾನೇ ಕ್ರಾಸ್‌ಲಿಂಕ್ ಆಗುವ ಎಷ್ಟೋ ಅಕ್ರಿಲಿಕ್ ಬೈಂಡರ್‌ಗಳಲ್ಲಿ ಎನ್-ಮಿಥೈಲಾಲ್ ಅಕ್ರಿಲಮೈಡ್ ಇರುತ್ತದೆ, ಕ್ಯೂರಿಂಗ್‌ನಲ್ಲಿ ಅದೂ ಫಾರ್ಮಾಲ್ಡಿಹೈಡ್ ಬಿಡುತ್ತದೆ. ಕ್ಯಾಪ್ಸೂಲ್‌ನ ಸರ್ಟಿಫಿಕೇಟ್ ಇಟ್ಟುಕೊಂಡು ಟೆಸ್ಟ್‌ನಲ್ಲಿ ಫೇಲಾಗುವುದು ಹೀಗೆಯೇ. ಬೈಂಡರ್‌ನದ್ದೂ ಕೇಳಿ.

ಯುರೋಪಿಗೆ ಹೋಗುವ ಮಾಲಾದರೆ ಮೈಕ್ರೋಪ್ಲಾಸ್ಟಿಕ್ ಪ್ರಶ್ನೆಯೂ ಬರುತ್ತದೆ. 2023ರಲ್ಲಿ ಅಲ್ಲಿ ಬಂದ ನಿಯಮದ ಕಣ್ಣು ಪ್ಲಾಸ್ಟಿಕ್ ಗೋಡೆಯ ಸುಗಂಧ ಕ್ಯಾಪ್ಸೂಲ್‌ಗಳ ಮೇಲೂ ಇದೆ. ಜೆಲಟಿನ್, ಕೈಟೋಸಾನ್ ಗೋಡೆಗಳು ಇಲ್ಲಿ ಮುಂದೆ. ತೊಳೆಯುವಾಗ ಬೇಗ ಸೋಲುವುದೂ ಅವೇ.

ರೇಷ್ಮೆಗೆ ಒಂದೇ ಮಾತು. ಜಾಸ್ತಿ ಶಾಖ ಕೊಟ್ಟರೆ ಹಳದಿಯಾಗುತ್ತದೆ, ಸೀರೆ ಹೋಗುವುದು ಡ್ರೈ ಕ್ಲೀನಿಂಗ್‌ಗೆ. ನೀರಿನ ವಾಷ್ ಟೆಸ್ಟ್ ಅಲ್ಲಿ ಏನನ್ನೂ ಹೇಳುವುದಿಲ್ಲ, ಯಾಕೆಂದರೆ ಎಣ್ಣೆ ತೆಗೆಯುವುದೇ ಆ ದ್ರಾವಕದ ಕೆಲಸ. ಕಡಿಮೆ ಶಾಖದ ಪಾಲಿಯುರೆಥೇನ್, ಅದೂ ಸೆರಗಿನ ಒಳಬದಿಗೆ ಮಾತ್ರ.

ಒಪ್ಪಿಕೊಳ್ಳುವ ಮುನ್ನ

ಬಟ್ಟೆಯ ಒಂದು ಪಟ್ಟಿಯನ್ನು ಐದು ತುಂಡು ಮಾಡಿ. ಒಂದನ್ನು ಒಗೆಯಬೇಡಿ. ಉಳಿದವನ್ನು 1, 5, 10, 20 ಸಲ ನಿಮ್ಮ ಮನೆಯ ಮಷೀನಿನಲ್ಲಿ, ಮನೆಯ ಪುಡಿಯಲ್ಲೇ ಒಗೆದು ನೆರಳಲ್ಲಿ ಒಣಗಿಸಿ. ಯಾವುದು ಯಾವುದೆಂದು ಗೊತ್ತಿಲ್ಲದವರ ಕೈಗೆ ಕೊಟ್ಟು ಉಜ್ಜಿಸಿ, ಮೂಸಿಸಿ. ನಿಮ್ಮ ಮೂಗನ್ನು ನಂಬಬೇಡಿ, ಆ ವಾಸನೆಗೆ ಅದು ಆಗಲೇ ಪಳಗಿರುತ್ತದೆ.

ಲ್ಯಾಬ್ ವರದಿ ಕೊಟ್ಟರೆ ವಿಧಾನ ನೋಡಿ. ಐಎಸ್‌ಒ 6330 ಇದ್ದರೆ ಮನೆಯ ವಾಷ್‌ಗೆ ಹತ್ತಿರ. ಎಎಟಿಸಿಸಿ 61ರ 2ಎ ಇದ್ದರೆ ಅದು 45 ನಿಮಿಷದಲ್ಲಿ ಐದು ವಾಷ್‌ನ ಸವೆತ ತೋರಿಸುವ, ಉಕ್ಕಿನ ಗುಂಡು ಹಾಕಿ ಕುಲುಕುವ ಟೆಸ್ಟ್. ಬಣ್ಣಕ್ಕೆಂದು ಮಾಡಿದ್ದು. ಗುಂಡುಗಳು ಕ್ಯಾಪ್ಸೂಲನ್ನೇ ಜಜ್ಜುವುದರಿಂದ ಅದರ ಫಲಿತಾಂಶವನ್ನು 6330ರ ಪಕ್ಕ ಇಟ್ಟು ಹೋಲಿಸಬಾರದು. ಪಿಸಿಎಂ ಆದರೆ ಡಿಎಸ್‌ಸಿ ವರದಿ (ಎಷ್ಟು ಶಾಖ ಹೀರುತ್ತದೆ ಎಂದು ಅಳೆಯುವ ಟೆಸ್ಟ್) ಕೇಳಿ, ಒಗೆಯುವ ಮುಂಚಿನದು ಮತ್ತು ನಂತರದ್ದು, ಎರಡೂ. ಸೊಳ್ಳೆಗೆ ಸೊಳ್ಳೆಯೇ ಬೇಕು, ಮೂಗು ಸಾಲದು.

ಆರ್ಡರ್ ಕೊಡುವಾಗ ಕಾಗದದಲ್ಲಿ ಬರೆಸಿಕೊಳ್ಳಿ: ಸ್ಲರಿಯ ಘನ ಭಾಗ, ಅದರಲ್ಲಿ ಎಣ್ಣೆ ಎಷ್ಟು, ಗೋಡೆ ಯಾವುದು, ಬೈಂಡರ್ ಯಾವುದು, ಕ್ಯೂರಿಂಗ್ ಎಷ್ಟು ಡಿಗ್ರಿ, ಎಷ್ಟು ನಿಮಿಷ. ಮಾಲು ಓಡುವ ದಿನ ಸ್ಟೆಂಟರ್ ಹತ್ತಿರ ನಿಂತು ಆ ಡಿಗ್ರಿಯೇ ಇದೆಯಾ ಅಂತ ನೋಡಿ. ಮುಂದಿನ ಪಾರ್ಟಿಯ ಮಾಲಿಗೆ 180 ಇಟ್ಟಿದ್ದರೆ, ನಿಮ್ಮದನ್ನೂ ಅದರಲ್ಲೇ ಓಡಿಸಿಬಿಡುವುದು ಅವರಿಗೆ ಸುಲಭ.